ಮೂಗು: ಬಳಕೆಯ ಕೈಪಿಡಿ (ದೊಡ್ಡಆಲಹಳ್ಳಿ ಆವೃತ್ತಿ)



ಈ ಉಪಕರಣ ಕೊಂಡಿದ್ದಕ್ಕೆ ಧನ್ಯವಾದ ಹೇಳುವಂತಿಲ್ಲ. ಹುಟ್ಟಿದಾಗಲೇ ಪುಕ್ಕಟೆ ಬಂದದ್ದು. ಕೈಪಿಡಿ ಮಾತ್ರ ತಡವಾಯಿತು. ಇಷ್ಟು ದಿನ ನೀವು ಇದನ್ನು ಪಕ್ಕದ ಮನೆಯ ವ್ಯವಹಾರದಲ್ಲಿ ತೂರಿಸಲು, ಸೊಸೆಯ ಸಾರು ಕಂಡು ಮುರಿಯಲು, ನೆಗಡಿಯಾದಾಗ ಸೀಟಲು ಬಳಸಿದ್ದೀರಿ. ಆದರೆ ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ದೊಡ್ಡಆಲಹಳ್ಳಿಯಲ್ಲಿ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಮೇಯಿಸುವ ಸೀಮೆಯಲ್ಲಿ ಇದಕ್ಕೆ ಬೇರೆ ಕೆಲಸಗಳೂ ಇವೆ.

1. ಬಿಡಿಭಾಗಗಳು

ಹೊರಗೆ ಕಾಣುವುದು ಬರೀ ಕವಚ, ಮೂಗುತಿ ಇಡಲು ಕೊಟ್ಟ ಜಾಗ. ಅಸಲಿ ಯಂತ್ರ ಒಳಗೆ, ಕಣ್ಣುಗಳ ಮಟ್ಟದಲ್ಲಿ, ಸೂರಿಗೆ ಅಂಟಿಕೊಂಡ ಅಂಚೆಚೀಟಿಯಂಥ ಒದ್ದೆ ಪೊರೆ. ಅದರಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದು ವಾಸನೆಗೆ ಒಂದು ಗ್ರಾಹಕ ಎಂದು ಲೆಕ್ಕ ಹಾಕಬೇಡಿ. ಇದು ಹಾರ್ಮೋನಿಯಂ ಇದ್ದಂತೆ: ಕೆಲವು ಮನೆ ಒಟ್ಟಿಗೆ ಒತ್ತಿದರೆ ಮಲ್ಲಿಗೆ, ಬೇರೆ ಕೆಲವು ಒತ್ತಿದರೆ ಸೀದ ಹಾಲು. ಈ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಪತ್ತೆ ಹಚ್ಚಿದ್ದು 1991ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 2004ರಲ್ಲಿ. ಯಂತ್ರ ಹಳೆಯದು, ನಕ್ಷೆ ಮೊನ್ನೆಯದು.

2. ಚಾಲೂ ಮಾಡುವ ಕ್ರಮ

ಚಪ್ಪಲಿ ಹೊರಗೆ ಬಿಟ್ಟು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ತುಳಿದು ಹುಳುಮನೆಗೆ ಕಾಲಿಡಿ. ಮೊದಲ ಉಸಿರಿನ ಮೇಲೆ ಗಮನವಿರಲಿ. ಕೆಲವೇ ನಿಮಿಷಗಳಲ್ಲಿ ಯಂತ್ರ ಅಲ್ಲಿನ ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. ಕೆಟ್ಟಿದೆ ಎಂದು ತಿಳಿಯಬೇಡಿ; ಹೊಸದೇನಾದರೂ ಬಂದರೆ ಗೊತ್ತಾಗಲೆಂದು ಹಳೆಯದನ್ನು ಬದಿಗಿಡುವ ಏರ್ಪಾಡು ಅದು. ಹಗಲೆಲ್ಲ ಒಳಗೇ ಇರುವ ಯಜಮಾನನಿಗೆ ಏನೂ ತಿಳಿಯದೆ, ಬೆಳಗಿನ ಬಸ್ಸಿಗೆ ಬಂದ ನೆಂಟ “ಏನಣ್ಣ, ನಾತ ಹೊಡೀತೈತೆ?” ಎನ್ನುವುದು ಇದಕ್ಕೇ. ಅವನ ಮೇಲೆ ಸಿಟ್ಟಾಗಬೇಡಿ. ಕಾಫಿ ಕೊಟ್ಟು ಇನ್ನೊಂದು ಸುತ್ತು ಹಾಕಿಸಿ.

3. ಸೂಚನೆಗಳನ್ನು ಓದುವ ಬಗೆ

ಹಸಿ ಸೊಪ್ಪಿನ ಘಮ: ಎಲ್ಲ ಕ್ಷೇಮ. ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದ್ದರೆ ಸೊಪ್ಪು ಹಾಕಬೇಡಿ, ಎದ್ದ ಮೇಲೆ ಹಾಕಿ.

ಕಣ್ಣು ಚುರುಗುಟ್ಟಿಸುವ ಘಾಟು: ಹಿಕ್ಕೆಯೂ ಉಳಿದ ಸೊಪ್ಪೂ ಸೇರಿ ಅಮೋನಿಯಾ ಎದ್ದಿದೆ. ಕಿಟಕಿ ತೆರೆದು ಕಸ ತೆಗೆಯಿರಿ.

ಕೊಳೆತ ನಾತ: ಸಪ್ಪೆ ರೋಗ ಇರಬಹುದು. ಸತ್ತ ಹುಳುಗಳನ್ನು ಆರಿಸಿ ಸುಟ್ಟುಬಿಡಿ.

ಯಾವ ವಾಸನೆಯೂ ಇಲ್ಲ, ಆದರೆ ಹುಳು ಸೀಮೆಸುಣ್ಣದ ಕಡ್ಡಿಯಂತೆ ಸೆಟೆದಿದೆ: ಸುಣ್ಣಕಟ್ಟು ರೋಗ. ಶಿಲೀಂಧ್ರ ಹುಳುವನ್ನು ಕೊಳೆಯಲು ಬಿಡದೆ ಒಣಗಿಸುತ್ತದೆ. ಮೂಗು ಇಲ್ಲಿ ಸೋತಿತು, ಕಣ್ಣು ಬಳಸಿ.

ಗಂಟುರೋಗ: ಮೂಗೂ ಸಾಲದು, ಬರಿಗಣ್ಣೂ ಸಾಲದು. 1865ರಿಂದ ಕೆಲವು ವರ್ಷ ಫ್ರಾನ್ಸಿನ ಹುಳುಮನೆಗಳಲ್ಲಿ ಒದ್ದಾಡಿದ ಲೂಯಿ ಪ್ಯಾಸ್ಟರ್ ತೋರಿಸಿಕೊಟ್ಟ ಹಾಗೆ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಕೆಲಸ ಬಿತ್ತನೆ ಮೊಟ್ಟೆ ತಯಾರಿಸುವವರದು.

4. ಎಚ್ಚರಿಕೆ: ಒಳಗೆ ಬೇರೆ ಮೂಗುಗಳಿವೆ

ಬೀಡಿ, ಊದುಬತ್ತಿ, ಸೊಳ್ಳೆಬತ್ತಿ ಬಾಗಿಲಾಚೆಗೇ ಇರಲಿ. ಹುಳುವೂ ಮೂಸಿಯೇ ಊಟಕ್ಕೆ ಬರುತ್ತದೆ. ಅದನ್ನು ಹಿಪ್ಪುನೇರಳೆಯ ಕಡೆಗೆ ಎಳೆಯುವ ಒಂದು ವಸ್ತುವನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು: ಸಿಸ್-ಜಾಸ್ಮೋನ್. ಮಲ್ಲಿಗೆಯ ಕಂಪಿನಲ್ಲಿರುವುದೂ ಅದೇ. ನಿಮ್ಮವರ ಮುಡಿಯಲ್ಲಿರುವುದೂ ಹುಳುವಿನ ತಟ್ಟೆಯಲ್ಲಿರುವುದೂ ಒಂದೇ ಎಂದು ಮನೆಯಲ್ಲಿ ಹೇಳಿ ನೋಡಬೇಡಿ.

ಚಿಟ್ಟೆಯ ಮೂಗು ಇನ್ನೂ ದೊಡ್ಡ ಸಂಗತಿ. ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡಿನಿಂದ ಹೊರಬಿದ್ದ ಚಿಟ್ಟೆ ತಿನ್ನದು, ಹಾರಲಾರದು. ಗಂಡಿಗೆ ಉಳಿದಿರುವುದು ಒಂದೇ ಕಸುಬು, ಹೆಣ್ಣಿನ ವಾಸನೆ ಹಿಡಿಯುವುದು. ಮೂಗು ಇರುವುದು ತಲೆಯ ಮೇಲಿನ ಬಾಚಣಿಗೆಯಂಥ ಮೀಸೆಯಲ್ಲಿ. ಆ ವಾಸನೆಯ ಒಂದೇ ಒಂದು ಅಣು ತಾಗಿದರೂ ಅಲ್ಲಿನ ನರಕೋಶ ಮಿಡಿಯುತ್ತದೆ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಸುಮಾರು ಇಪ್ಪತ್ತು ವರ್ಷ ದುಡಿದು, ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಾಸನೆಯ ವಸ್ತುವನ್ನು ಕೆಲವೇ ಮಿಲಿಗ್ರಾಂ ಹಿಂಡಿ, 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಜಗತ್ತಿನಲ್ಲಿ ರಾಸಾಯನಿಕವಾಗಿ ಗುರುತಿಸಿದ ಮೊದಲ ಫೆರೊಮೋನ್, ಅಂದರೆ ತನ್ನ ಜಾತಿಯವರಿಗೆ ಕಳಿಸುವ ವಾಸನೆಯ ಸಂದೇಶ, ಅದು. ಫೆರೊಮೋನ್ ಎಂಬ ಪದ ಹುಟ್ಟಿದ್ದೂ ಅದೇ ವರ್ಷ. ಇಂದು ತೆಂಗಿನ ತೋಟದಲ್ಲಿ ಕೆಂಪು ಮೂತಿ ಹುಳುವಿಗೆ ಕಟ್ಟುವ ಮೋಹಕ ಬಲೆಯ ಮುತ್ತಜ್ಜ ಈ ಚಿಟ್ಟೆಯೇ. ಮಾವಿನ ತೋಪಿನ ಬಲೆಯದು ಬೇರೆ ವಂಶ: ಅದರಲ್ಲಿ ಹಣ್ಣುನೊಣದ ಗಂಡನ್ನು ಕರೆಯುವುದು ಫೆರೊಮೋನ್ ಅಲ್ಲ, ತುಳಸಿಯಲ್ಲೂ ಇರುವ ಮೀಥೈಲ್ ಯೂಜೆನಾಲ್.

5. ಮನೆಬಳಕೆ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ನಿಮ್ಮ ಮೂಗನ್ನು ನಂಬಿ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ನಾತವನ್ನು ಬೇಕೆಂದೇ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಕಿಟಕಿ ತೆರೆಯಿರಿ.

ಸಕ್ಕರೆ ಕಾಯಿಲೆಯವರ ಉಸಿರು ಹಣ್ಣು ಹುಳಿತಂತೆ ಸಿಹಿಯಾಗಿ ವಾಸನೆ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗಂಡನ ಮೈವಾಸನೆ ಬದಲಾದರೆ ಜಗಳಕ್ಕೆ ಮುಂಚೆ ಯೋಚಿಸಿ. ಸ್ಕಾಟ್ಲೆಂಡಿನ ನರ್ಸ್ ಜಾಯ್ ಮಿಲ್ನ್ ತಮ್ಮ ಗಂಡನಿಗೆ ಪಾರ್ಕಿನ್ಸನ್ಸ್ ಎಂದು ಗೊತ್ತಾಗುವ ಹತ್ತಾರು ವರ್ಷ ಮೊದಲೇ ಬೇರೆ ವಾಸನೆ ಹಿಡಿದಿದ್ದರು. ಪರೀಕ್ಷೆಗೆಂದು 12 ಅಂಗಿ ಕೊಟ್ಟರು, ಆರು ರೋಗಿಗಳದು, ಆರು ಆರೋಗ್ಯವಂತರದು. ಆಕೆ ಏಳರಲ್ಲಿ ರೋಗವಿದೆ ಎಂದರು. ಒಂದು ತಪ್ಪಾಯಿತು ಎಂದುಕೊಂಡರೆ, ಆ ಏಳನೆಯವರಿಗೂ ಕೆಲವೇ ತಿಂಗಳಲ್ಲಿ ರೋಗ ಕಾಣಿಸಿತು. ಯಂತ್ರಕ್ಕೆ ಪೂರ್ಣ ಅಂಕ ಕೊಡಿ.

6. ಕೆಟ್ಟರೆ

ಕೊರೊನಾ ಕಾಲದಲ್ಲಿ ಎಷ್ಟೋ ಯಂತ್ರಗಳು ನಿಂತುಹೋದವು. ಗಾಬರಿ ಬೇಡ. ಈ ಪೊರೆಯ ನರಕೋಶಗಳು ಸಾಯುತ್ತ ಮತ್ತೆ ಹುಟ್ಟುತ್ತಲೇ ಇರುತ್ತವೆ. ಜರ್ಮನಿಯ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ಸಾಧಕ ಹೀಗಿದೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಸಲ, 12 ವಾರ ಮೂಸಬೇಕು. ಎಲ್ಲರಿಗೂ ಫಲ ಸಿಗದಿದ್ದರೂ ಹಲವರಿಗೆ ಸಿಕ್ಕಿದೆ. ನಾಲ್ಕೂ ಊರಲ್ಲೇ ಸಿಗುವುದರಿಂದ ಬಿಡಿಭಾಗಗಳ ಕೊರತೆಯಿಲ್ಲ.

7. ಕೊನೆಯ ಪರೀಕ್ಷೆ

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿದ ಮೇಲೆ, ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳ ಬೀದಿಯಲ್ಲಿ ನಿಲ್ಲಿ. ಬೇಯುವ ಗೂಡಿನ ನಾತಕ್ಕೆ ಮೈಸೂರು ರೈಲಿನವರು ಕರ್ಚೀಫು ಹುಡುಕುತ್ತಾರೆ. ನೀವು ಮುಚ್ಚಿಕೊಳ್ಳುವ ಮುಂಚೆ ಒಂದು ಉಸಿರು ಎಳೆದುಕೊಳ್ಳಿ. ಇನ್ನೊಂದು ವಾರ ಬಿಟ್ಟಿದ್ದರೆ ಒಳಗಿನ ಪ್ಯೂಪಾ ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು, ಒಂದೇ ಅಣುವಿಗೆ ಮಿಡಿಯುವ ಆ ಮೀಸೆ ಹೊತ್ತು ಬರುತ್ತಿತ್ತು. ತೂತಾದ ಗೂಡಿನ ನೂಲು ಹರಿದು ತುಂಡುತುಂಡು. ಆದ್ದರಿಂದ ವಿಜ್ಞಾನಕ್ಕೆ ವಾಸನೆಯ ಪಾಠ ಕಲಿಸಿದ ಮೂಗು ಇಲ್ಲಿ ಮೊಳೆಯುವ ಮೊದಲೇ ಬೇಯುತ್ತದೆ.

ಮನೆಗೆ ಹೋಗಿ ಬೀರು ತೆರೆದು ಧಾರೆ ಸೀರೆ ಮೂಸಿ ನೋಡಿ. ನುಸಿ ಗುಳಿಗೆಯ ವಾಸನೆ ಬಂದರೆ ಯಂತ್ರ ಸರಿಯಾಗಿದೆ. ಅದರ ಅಡಿಯಲ್ಲಿ ರಾಮನಗರವೂ ಬಂದರೆ, ಕೈಪಿಡಿ ಓದಿದ್ದೀರಿ.