ಬಾಲಲೋಪ ಸಂಧಿ: ಕನ್ನಂಪಲ್ಲಿ ಕೆರೆಯ ಗೊದಮೊಟ್ಟೆಗಳ ವ್ಯಾಕರಣ

ಚಿಂತಾಮಣಿ ಸೀಮೆಯ ಕಪ್ಪೆ ವಟಗುಟ್ಟುವುದು ಕನ್ನಡದಲ್ಲೋ ತೆಲುಗಿನಲ್ಲೋ ಎಂಬ ವಿವಾದ ಪಂಡಿತರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅದರ ದೇಹ ನಡೆಯುವುದು ಅಚ್ಚಗನ್ನಡ ವ್ಯಾಕರಣದಂತೆ ಎಂದು ಸಾಧಿಸುವುದೇ ಈ ಮಹಾಪ್ರಬಂಧದ ಉದ್ದೇಶ. ಕನ್ನಂಪಲ್ಲಿ ಕೆರೆಯಂಚಿನ ಗೊದಮೊಟ್ಟೆಯನ್ನೇ ನೋಡಿ. ಕಾಲು ಬರುವುದು ಆಗಮ. ಬಾಲ ಹೋಗುವುದು ಲೋಪ. ಅಮೋನಿಯಾ ಇದ್ದ ಜಾಗಕ್ಕೆ ಯೂರಿಯಾ ಬರುವುದು ಆದೇಶ. ವೈಯಾಕರಣಿ ಕೇಶಿರಾಜನಿಗೆ ಇನ್ನೇನು ಬೇಕು?

ಪೂರ್ವಪಕ್ಷ: ಇದೆಲ್ಲ ಥೈರಾಯ್ಡ್ ಹಾರ್ಮೋನಿನ ಕೆಲಸ. 1912ರಲ್ಲಿ ಗುಡರ್‌ನಾಚ್ ಎಂಬಾತ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಲು, ಅವು ಅವಧಿಗೆ ಮೊದಲೇ ಕುಬ್ಜ ಕಪ್ಪೆಗಳಾದವು. ಒಪ್ಪಿದೆವು. ಆದರೆ ಹಾರ್ಮೋನು ಮೈಯೆಲ್ಲ ಹರಿಯುತ್ತದಲ್ಲ? ಒಂದೇ ಸೂತ್ರ ಕಾಲಿಗೆ ಆಗಮ, ಬಾಲಕ್ಕೆ ಲೋಪ ಆದದ್ದು ಹೇಗೆ? ಅದೂ ಕಾಲು ಮೊದಲು, ಬಾಲ ಕಡೆಗೆ? ಹಿಂದುಮುಂದಾಗಿದ್ದರೆ ಗೊದಮೊಟ್ಟೆ ಈಜಲೂ ಆಗದೆ ಕುಪ್ಪಳಿಸಲೂ ಆಗದೆ ಕೊಕ್ಕರೆಯ ಪಾಲು.

ಸಿದ್ಧಾಂತ: ಒಂದೊಂದು ಅಂಗದಲ್ಲೂ ಒಬ್ಬೊಬ್ಬ ವೈಯಾಕರಣಿ ಕೂತಿದ್ದಾನೆ, ಅವನ ಹೆಸರು ಕಿಣ್ವ. ಹಾರ್ಮೋನು ನಾಲ್ಕು ಅಯೋಡಿನ್ ಹೊತ್ತು ತೂಕಡಿಸುತ್ತ ಬರುತ್ತದೆ. ಡಿಅಯೋಡಿನೇಸ್ ಕಿಣ್ವದ ಎರಡನೆಯ ಬಗೆ ಅದರ ಹೊರಬದಿಯ ಒಂದನ್ನು ಕಿತ್ತರೆ ಹಾರ್ಮೋನು ಚುರುಕಾಗುತ್ತದೆ. ಮೂರನೆಯ ಬಗೆ ಒಳಬದಿಯ ಒಂದನ್ನು ಕಿತ್ತರೆ ಕೆಲಸಕ್ಕೆ ಬಾರದ್ದಾಗುತ್ತದೆ. ಕಾಲಿನ ಮೊಗ್ಗಿನಲ್ಲಿ ಎರಡನೆಯದು ಮೊದಲಿಂದಲೇ ಹಾಜರು. ಬಾಲದಲ್ಲಿ ಅದು ತಲೆಯೆತ್ತುವುದು ತೀರಾ ಕೊನೆಗೆ. ಎತ್ತಿದ ಮೇಲೆ ಕರುಣೆಯಿಲ್ಲ: ಕೊಲಾಜಿನೇಸ್ ಬಂದು ಬಾಲವನ್ನು ಹಿಡಿದಿಟ್ಟ ಎಳೆಗಳನ್ನೇ ಕತ್ತರಿಸುತ್ತದೆ. ಗ್ರಾಸ್ ಮತ್ತು ಲಾಪಿಯೇರ್ 1962ರಲ್ಲಿ ಈ ಕಿಣ್ವವನ್ನು ಪತ್ತೆಹಚ್ಚಿದ್ದೇ ಗೊದಮೊಟ್ಟೆಯ ಬಾಲದಲ್ಲಿ. ಲೋಪ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಆದೇಶ ಸಂಧಿ ಯಕೃತ್ತಿನದು. ನೀರಲ್ಲಿರುವಷ್ಟು ದಿನ ಅಮೋನಿಯಾವನ್ನು ಕೆರೆಗೆ ಬಿಟ್ಟರಾಯಿತು. ನೆಲಕ್ಕೆ ಹತ್ತಿದ ಮೇಲೆ ಆ ಧಾರಾಳ ನಡೆಯದು. ಆರ್ಜಿನೇಸ್ ಮೊದಲಾದ ಕಿಣ್ವಗಳು ಏರಿ ಯೂರಿಯಾ ತಯಾರಾಗುತ್ತದೆ. ಮುಂಗಾರಿನಲ್ಲಿ ಸೊಸೈಟಿ ಮುಂದೆ ಯೂರಿಯಾಗೆ ಸಾಲು ನಿಂತ ರೈತರಿಗೆ ಇದನ್ನು ಹೇಳುವ ಧೈರ್ಯ ಪ್ರಬಂಧಕಾರನಿಗಿಲ್ಲ.

ಅಪವಾದವೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರ ಹೆಸರು ಹೊತ್ತ ರಾವೋರ್ಕೆಸ್ಟಿಸ್ ಕುಲದ ಪೊದೆಗಪ್ಪೆಗಳಿಗೆ ಕೆರೆಯ ಹಂಗಿಲ್ಲ. ಸಂಧಿಕಾರ್ಯವೆಲ್ಲ ಮೊಟ್ಟೆಯೊಳಗೇ ಗುಟ್ಟಾಗಿ ಮುಗಿದು ನೇರ ಮರಿಗಪ್ಪೆ ಹೊರಬರುತ್ತದೆ. ಮಲೆನಾಡಿನವರ ಠೀವಿ!

ಇನ್ನು, ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ಹಿರಿಯರಲ್ಲಿ ಒಂದು ವಿನಂತಿ. ಬಾಲ ಲೋಪವಾದ ಮಾತ್ರಕ್ಕೆ ವಧೂವರರು ಪ್ರಾಯಕ್ಕೆ ಬಂದರೆಂದಲ್ಲ. ಅದಕ್ಕೆ ಮತ್ತೆ ತಿಂಗಳುಗಳೇ ಬೇಕು. ತಾಳಿ ಕಟ್ಟಿಸುವ ಮುನ್ನ ದಯವಿಟ್ಟು ವಯಸ್ಸು ವಿಚಾರಿಸಿಕೊಳ್ಳಿ.