ನಡೆಯದ ಕಳ್ಳತನದ ಫೋಟೋ ಲಗತ್ತಿಸಿ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಚಿಕ್ಕೇರೂರಿನಲ್ಲಿ ಯಾರಾದರೂ ಜೀವನದಲ್ಲಿ ಮೊದಲ ಸಲ ಗೋವಿನಜೋಳ ಕದಿಯಲು ಹೊರಟರೆ ಜೊತೆಗೊಂದು ತಕ್ಕಡಿ ಒಯ್ಯುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಹೇಳುವುದಿಷ್ಟು: ಕದ್ದ ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆಯಿದ್ದು, ಆಸಾಮಿಗೆ ಶಿಕ್ಷೆಯಾಗುತ್ತಿರುವುದು ಮೊದಲ ಸಲವಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ತಿರುಗಿ ಕೊಟ್ಟರೆ ಜೈಲಿಲ್ಲ, ಸಮುದಾಯ ಸೇವೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಎರಡು ಕ್ವಿಂಟಾಲಿಗೆ ನಿಂತರೆ 4,800. ಕೆರೆ ದಂಡೆಯ ಕಸ ಬಳಿದು ಮನೆಗೆ ಹೋಗಬಹುದು. ಆಸೆ ತಡೆಯದೆ ಮೂರನೆಯದಕ್ಕೆ ಕೈ ಹಾಕಿದರೆ 7,200. ಮೂರು ವರ್ಷದವರೆಗೆ ಜೈಲಾಗಬಹುದು. ಇದು ಸರ್ಕಾರಿ ದರದ ಲೆಕ್ಕ. ಪೇಟೆಯ ಲೆಕ್ಕವೇ ಬೇರೆ. 2025ರ ನವೆಂಬರಿನಲ್ಲಿ ದರ ಎರಡು ಸಾವಿರದ ಕೆಳಗೆ ಬಿದ್ದು, ಖರೀದಿ ಕೇಂದ್ರ ತೆರೆಯಿರಿ ಎಂದು ಹಾವೇರಿ ಜಿಲ್ಲೆಯ ರೈತರು ಬೀದಿಗಿಳಿದಿದ್ದರು. ದರ 1,600ಕ್ಕೆ ಇಳಿದ ದಿನ ಮೂರು ಕ್ವಿಂಟಾಲು ಹೊತ್ತರೂ ಅದೇ 4,800. ಬೆಳೆದವನಿಗೆ ಸಿಗದ ಬೆಂಬಲ ಕದ್ದವನಿಗೆ ಹೀಗಾದರೂ ಸಿಕ್ಕಿತು.

ತಕ್ಕಡಿ ನೋಡಿ ಕದ್ದವನು ಸಿಕ್ಕಿಬಿದ್ದ ಎನ್ನೋಣ. ಸಮುದಾಯ ಸೇವೆ ಎಷ್ಟು ಗಂಟೆ? ಸಂಹಿತೆಯಲ್ಲಿಲ್ಲ. ಎಲ್ಲಿ? ಇಲ್ಲ. ಸಲಿಕೆ ಕೊಡುವವರು ಯಾರು, ಮುಂದೆ ನಿಂತು ಮಾಡಿಸುವವರು ಯಾರು, ಅವರ ಸಂಬಳ ಯಾವ ಬಾಬ್ತಿನಿಂದ? ಇಲ್ಲ. ಸಮುದಾಯಕ್ಕೆ ಪ್ರಯೋಜನವಾಗುವ ಕೆಲಸ, ಅದಕ್ಕೆ ಕೂಲಿ ಇಲ್ಲ, ಇಷ್ಟು ಮಾತ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಮಿನ ವಿವರಣೆಯಲ್ಲಿದೆ. ಗ್ರಾಮ ಪಂಚಾಯ್ತಿಗೆ ಇಲ್ಲೇ ತಲೆ ತಿರುಗುವುದು. ಕೂಲಿ ಇದ್ದು ಕೆಲಸವಿಲ್ಲದ ಯೋಜನೆಗಳನ್ನು ಅದು ನಿಭಾಯಿಸಿದೆ. ಕೆಲಸ ಇದ್ದು ಕೂಲಿ ಇಲ್ಲದ್ದಕ್ಕೆ ಯಾವ ನಮೂನೆಯಲ್ಲಿ ಬಿಲ್ಲು ಬರೆಯಬೇಕು?

ಜೈಲಿನ ಬದಲು ಊರಲ್ಲೇ ತಿದ್ದುವ ಯೋಚನೆ ನಮ್ಮ ಕಡೆಗೆ ಹೊಸದೇನಲ್ಲ. ಹಿರೇಕೆರೂರು ಸೀಮೆ ಧಾರವಾಡ ಜಿಲ್ಲೆಯೊಳಗೆ, ಧಾರವಾಡ ಮುಂಬಯಿ ಪ್ರಾಂತದೊಳಗೆ ಇದ್ದ ಕಾಲದಲ್ಲೇ, 1938ರಲ್ಲಿ, ಮುಂಬಯಿ ಸರ್ಕಾರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಮಾಡಿತ್ತು. ಇಪ್ಪತ್ತು ವರ್ಷದ ಮೇಲೆ, 1958ರಲ್ಲಿ, ದೇಶಕ್ಕೆಲ್ಲ ಒಂದು ಕಾಯ್ದೆ ಬಂತು. ಅದರ 6ನೇ ಕಲಮು ಇಪ್ಪತ್ತೊಂದು ತುಂಬದ ಹುಡುಗರನ್ನು, ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಜೈಲಿಗೆ ಹಾಕಬೇಡಿ ಎನ್ನುತ್ತದೆ. ಹಾಕಲೇಬೇಕೆಂದರೆ ಕಾರಣ ಬರೆಯಿರಿ ಎನ್ನುತ್ತದೆ. 13ನೇ ಕಲಮು ಇನ್ನೂ ಮುಂದೆ ಹೋಗಿ, ಸರ್ಕಾರ ಮಾನ್ಯ ಮಾಡಿದ ಸಂಘ ಸಂಸ್ಥೆಯವರೂ ಪ್ರೊಬೇಷನ್ ಅಧಿಕಾರಿಯನ್ನು ಒದಗಿಸಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಅಲ್ಲಿಂದ ಈಚೆಗೆ ಎರಡು ತಲೆಮಾರು ಕಳೆದವು. ಚಿಕ್ಕೇರೂರಿನ ಕಟ್ಟೆಯ ಮೇಲೆ ಕೂತು 13ನೇ ಕಲಮಿನ ಮಾತೆತ್ತಿ ನೋಡಿ, ಎದ್ದು ಬೇರೆ ಕಟ್ಟೆಗೆ ಹೋಗುತ್ತಾರೆ.

ಈಗ ಊರಿನ ನಿವೃತ್ತ ಮಾಸ್ತರೊಬ್ಬರು ಆ ಬಾಗಿಲಲ್ಲಿ ಕಾಲಿಡುತ್ತಾರೆ ಎಂದು ಕಲ್ಪಿಸಿಕೊಳ್ಳಿ. ಪೆನ್ಷನ್ ಬರುತ್ತಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮಾಡಲು ಕೆಲಸವಿಲ್ಲ, ದೇಶದ ಮೇಲೆ ನಂಬಿಕೆ ಇನ್ನೂ ಇದೆ. ಇಂಥವರೇ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುವುದು. ಅವರ ಯೋಜನೆ ಸಣ್ಣದು. ಮೊದಲ ಸಲ ತಪ್ಪು ಮಾಡಿದ ಹತ್ತಾರು ಹುಡುಗರು, ಉಸ್ತುವಾರಿಗೆ ಇಬ್ಬರು, ಒಂದು ಬಾಡಿಗೆ ಕೋಣೆ, ಕೆಲಸ ಕಲಿಸಲು ಊರಿನ ಬಡಿಗರು ಮತ್ತು ಮೋಟಾರು ರಿಪೇರಿಯವರು.

ಮೊದಲ ತೊಡಕು, ಯಾರನ್ನು ಕೇಳಬೇಕು ಎನ್ನುವುದು. ಬಂದೀಖಾನೆಯವರಿಗೆ ಒಳಗಿರುವವರ ಸಂಬಂಧ ಮಾತ್ರ. ಪೊಲೀಸರಿಗೆ ಹಿಡಿಯುವವರೆಗೆ, ಕೋರ್ಟಿಗೆ ತೀರ್ಪಿನವರೆಗೆ. ಜೈಲಿಗೆ ಹೋಗದೆ ಉಳಿದವನು ಯಾವ ಇಲಾಖೆಗೆ ಸೇರಿದವನು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಇ-ಅನುದಾನ್ ಪೋರ್ಟಲಿನಲ್ಲಿ ವೃದ್ಧರಿಗೆ ಜಾಗವಿದೆ, ವ್ಯಸನಮುಕ್ತಿ ಕೇಂದ್ರಕ್ಕೆ ಜಾಗವಿದೆ. ಮಾಸ್ತರ ಹುಡುಗರು ವೃದ್ಧರಲ್ಲ. ಅವರು ವೃದ್ಧರಾಗುವ ತನಕ ಕಾಯಬಹುದು, ಅರ್ಜಿಯ ವೇಗ ನೋಡಿದರೆ ಅದು ದೂರದ ಮಾತೂ ಅಲ್ಲ. ಉಳಿದದ್ದು ವ್ಯಸನಮುಕ್ತಿ. ಕುಡಿದು ಬೀದಿಯಲ್ಲಿ ಗಲಾಟೆ ಮಾಡುವವನಿಗೂ ಹೊಸ ಸಂಹಿತೆ 355ನೇ ಕಲಮಿನಲ್ಲಿ ಸಮುದಾಯ ಸೇವೆ ಇಟ್ಟಿದೆ. ಹಳೆಯ ದಂಡಸಂಹಿತೆಯಲ್ಲಿ ಇದಕ್ಕೆ ಹತ್ತು ರೂಪಾಯಿ ದಂಡವಿತ್ತು, ಈಗ ಸಾವಿರ. ಇತ್ತ ಕರ್ನಾಟಕ ಸರ್ಕಾರ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಬಜೆಟ್ಟಿನಲ್ಲಿ ಗುರಿ ಹಾಕಿಕೊಂಡಿತ್ತು. ಆ ಗುರಿ ಮುಟ್ಟಿಸಲು ಹಗಲಿರುಳು ದುಡಿದವನನ್ನು ಹಿಡಿದು ಸಮುದಾಯ ಸೇವೆ ಮಾಡು ಎನ್ನುವುದು ಸ್ವಲ್ಪ ಅತಿಯಾಯಿತು. ಅವನು ಇಷ್ಟು ದಿನ ಮಾಡುತ್ತಿದ್ದದ್ದೇನು?

ಬೇರೆ ದಾರಿ ಕಾಣದೆ ಮಾಸ್ತರು ವ್ಯಸನಮುಕ್ತಿಯ ಬಾಬ್ತಿನಲ್ಲೇ ಅರ್ಜಿ ತುಂಬಲು ಕೂತರು. ದರ್ಪಣ್ ಪೋರ್ಟಲಿನ ನಂಬರು, ಪ್ಯಾನು, ಆದಾಯ ತೆರಿಗೆಯ 12-ಎ, ಪಿಎಫ್‌ಎಂಎಸ್ ನೋಂದಣಿ, ಬೈಲಾ, ಠರಾವಿನ ಪ್ರತಿ, ಮೂರು ವರ್ಷದ ಆಡಿಟ್ ವರದಿ, ಈ ಕ್ಷೇತ್ರದಲ್ಲಿ ಅನುಭವದ ದಾಖಲೆ. ಅನುದಾನವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಅನುದಾನವಿಲ್ಲ. ಈ ಗಾಣದಲ್ಲಿ ಎರಡು ಸುತ್ತು ತಿರುಗಿದ ಮೇಲೆ ಜಿಲ್ಲಾ ಕೇಂದ್ರದ ಕನ್ಸಲ್ಟಂಟರೊಬ್ಬರನ್ನು ಹಿಡಿಯಲಾಯಿತು. ಅವರು ಪ್ರಪೋಸಲ್ ಬರೆಯುವುದರಲ್ಲಿ ನುರಿತವರು. ಯಾವುದರ ಪ್ರಪೋಸಲ್ ಎಂಬುದು ಅವರಿಗೆ ಗೌಣ. ಕುರಿ ಸಾಕಣೆಗೆ ಬರೆದ ಹಳೆಯ ಕಡತ ತೆರೆದು, ಕುರಿ ಇದ್ದಲ್ಲಿ ಹುಡುಗರನ್ನು ಹಾಕುತ್ತ ಹೋದರು. ಮರಣ ಪ್ರಮಾಣ ಎಂಬ ಕಾಲಂ ಮಾತ್ರ ತಪ್ಪಿ ಹಾಗೇ ಉಳಿಯಿತು.

ನಿಜವಾದ ಪರೀಕ್ಷೆ ಬಂದದ್ದು ‘ನಿರೀಕ್ಷಿತ ಫಲಿತಾಂಶ’ ಎಂಬಲ್ಲಿ. ಫಲಾನುಭವಿಗಳ ಸಂಖ್ಯೆ ಬರೆಯಿರಿ, ಫಲಿತಾಂಶವನ್ನು ಅಂಕಿಯಲ್ಲಿ ಕೊಡಿ, ಜಿಪಿಎಸ್ ಫೋಟೋ ಲಗತ್ತಿಸಿ. ಮಾಸ್ತರ ಕೆಲಸದ ಫಲವೆಂದರೆ ಒಂದು ಕಳ್ಳತನ ನಡೆಯದಿರುವುದು. ಸಂತೆಯ ದಿನ ಸಂಜೆ ಇಂಥ ಅಂಗಡಿಯ ಗಲ್ಲಾಪೆಟ್ಟಿಗೆಗೆ ಇಂಥವನು ಕೈ ಹಾಕಲಿಲ್ಲ. ಇದರ ಫೋಟೋ ಹೇಗೆ ತೆಗೆಯುವುದು? ಅಕ್ಷಾಂಶ ರೇಖಾಂಶ ಸಮೇತ ಗಲ್ಲಾಪೆಟ್ಟಿಗೆಯ ಚಿತ್ರವನ್ನೇ ಹಾಕಬಹುದು. ಅದರ ಪಕ್ಕದಲ್ಲಿ ಹುಡುಗ ಕಾಣಿಸಿದರೆ ಕೇಸಾಗುತ್ತದೆ, ಕಾಣಿಸದಿದ್ದರೆ ದಾಖಲೆಯಾಗುವುದಿಲ್ಲ.

ಜೈಲಿಗೆ ಈ ಯಾವ ಕಾಟವೂ ಇಲ್ಲ. ವರ್ಷಕ್ಕೊಮ್ಮೆ ಅದರ ದುಡ್ಡು ಬಜೆಟ್ಟಿನಲ್ಲಿ ಬರುತ್ತದೆ. ನಿಮ್ಮಲ್ಲಿ ಇದ್ದು ಹೋದವರಲ್ಲಿ ಎಷ್ಟು ಮಂದಿ ಸುಧಾರಿಸಿದರು ಎಂದು ಕೇಳಿ ಯಾರೂ ಅನುದಾನ ತಡೆಹಿಡಿಯುವುದಿಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ, ಕೈಯಲ್ಲಿ ಸಿಗರೇಟು ಹಿಡಿದು ಸಿನಿಮಾ ನಟರೊಬ್ಬರು ಕೂತ ಫೋಟೋ 2024ರ ಆಗಸ್ಟಿನಲ್ಲಿ ಹೊರಬಿತ್ತಲ್ಲ, ಬಂದೀಖಾನೆಯೊಂದು ತನ್ನ ಫಲಿತಾಂಶದ ಫೋಟೋ ಲಗತ್ತಿಸಿದ್ದು ನನಗೆ ತಿಳಿದಂತೆ ಅದೇ. ಅದಕ್ಕೂ ಬಹುಮಾನ ಸಿಗಲಿಲ್ಲ, ಸಿಬ್ಬಂದಿ ಅಮಾನತಾದರು.

ಸರ್ಕಾರಕ್ಕೆ ಮನಸ್ಸೇ ಇಲ್ಲ ಎಂದರೆ ಅನ್ಯಾಯವಾದೀತು. ಮನಸ್ಸಿದೆ, ಹಣವೂ ಇದೆ. ಜಾಮೀನು ಸಿಕ್ಕರೂ ದುಡ್ಡಿಲ್ಲದೆ ಒಳಗೇ ಉಳಿದ ಬಡ ಕೈದಿಗಳಿಗೆಂದು ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಯೋಜನೆ ತಂದು ವರ್ಷಕ್ಕೆ 20 ಕೋಟಿ ತೆಗೆದಿಟ್ಟಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅದರಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಈ ವಿಚಾರಣೆ ಮುಗಿಯದವರಿಗೆಲ್ಲ ಹಂಚಿದರೆ ತಲೆಗೆ 460 ರೂಪಾಯಿ. ಹಂಚುವ ಗೋಜೇನೂ ಹುಟ್ಟಲಿಲ್ಲ. ದಯವಿಟ್ಟು ಈ ಯೋಜನೆ ಬಳಸಿ ಎಂದು ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯುವ ಹಂತ ಬಂತು.

ಏಕೆ ಖರ್ಚಾಗಲಿಲ್ಲ ಎಂದು ತಿಳಿಯಲು 2023ರ ಮಾರ್ಗಸೂಚಿಯನ್ನು ಒಮ್ಮೆ ಓದಿದರೆ ಸಾಕು. ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕಿತ್ತು. ಇವನು ನಿಜಕ್ಕೂ ಬಡವನೇ ಎಂದು ಅವರು ಹತ್ತು ದಿನದಲ್ಲಿ ವಿಚಾರಿಸಬೇಕಿತ್ತು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಸೇರುವ ಜಿಲ್ಲಾ ಸಮಿತಿಯ ಮುಂದೆ ಇಡಬೇಕಿತ್ತು. ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲಿನ ಸೂಪರಿಂಟೆಂಡೆಂಟ್, ಮೇಲೊಬ್ಬರು ನ್ಯಾಯಾಧೀಶರು. ನಲವತ್ತು ಸಾವಿರದೊಳಗಿನ ಮೊತ್ತಕ್ಕೆ ಐದು ಕುರ್ಚಿ ಒಂದೇ ದಿನ, ಒಂದೇ ಕೋಣೆಯಲ್ಲಿ ಬಿಡುವಾಗಬೇಕಿತ್ತು. ಹಾವೇರಿಯಲ್ಲಿ ಒಬ್ಬ ಮಂತ್ರಿಯ ಪ್ರವಾಸ, ಒಂದು ಜಯಂತಿ, ಒಂದು ಮೆರವಣಿಗೆ ಬಂದೋಬಸ್ತು ಸಾಕು, ಕುರ್ಚಿ ಖಾಲಿ. ಬಡವ ಮಾತ್ರ ಎಲ್ಲ ದಿನವೂ ಹಾಜರಿರುತ್ತಾನೆ. ಅವನಿಗೆ ಹೋಗಲು ಬೇರೆ ಜಾಗವಿಲ್ಲ.

ಊರಲ್ಲಿ ಜಾಮೀನು ನಿಲ್ಲುವುದು ಎಂದರೆ ಹೊಲದ ಉತಾರ ತಂದು ಕೊಡುವುದು. ಹೊಲವಿದ್ದವನು ಉತಾರ ಕೊಡುತ್ತಾನೆ. ಹೊಲವಿಲ್ಲದವನ ಬಳಗವೂ ಸಾಮಾನ್ಯವಾಗಿ ಹೊಲವಿಲ್ಲದ್ದೇ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಹತ್ತು ಸಾವಿರದ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಿರಸ್ಕರಿಸಿದಾಗ, 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದು ಸಲ್ಲದೆಂದು ಬರೆದರು. ಆ ತೀರ್ಪನ್ನು ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಪಾಠ ಮಾಡುತ್ತಾರೆ. ಪರೀಕ್ಷೆಗೆ ಬರುತ್ತದೆ, ಜೈಲಿನ ಬಾಗಿಲಿಗೆ ಬರುವುದಿಲ್ಲ.

ಹಾಗೆಂದು ಜೈಲಿಗೆ ಬದಲಿ ದಾರಿ ಎಲ್ಲರಿಗೂ ಕಷ್ಟವಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ದುಬಾರಿ ಕಾರು ಗುದ್ದಿ ಇಬ್ಬರು ಸತ್ತ ದಿನವೇ, ಕಾರು ಓಡಿಸಿದ ಹದಿನೇಳರ ಹುಡುಗನಿಗೆ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆ ಎಂದು ಹೇಳಿ ಜಾಮೀನು ಕೊಟ್ಟರು. ಜನ ಸಿಟ್ಟಿಗೆದ್ದ ಮೇಲೆ ಆದೇಶ ಬದಲಾಯಿತು, ಆ ಮಾತು ಬೇರೆ. ದರ್ಪಣ್ ನಂಬರಿಲ್ಲ, ಆಡಿಟ್ ಇಲ್ಲ, ಕನ್ಸಲ್ಟಂಟ್ ಇಲ್ಲ, ಒಂದೇ ದಿನದಲ್ಲಿ ಕಾರ್ಯಕ್ರಮ ಅನುಷ್ಠಾನಗೊಂಡಿತ್ತು. ಮಾಸ್ತರು ಮೂವತ್ತು ವರ್ಷ ಪ್ರಬಂಧ ಬರೆಸಿದವರು. ಅದನ್ನೇ ಅನುಭವದ ದಾಖಲೆಯಾಗಿ ಲಗತ್ತಿಸಲೇ ಎಂದು ಕೇಳಿದರು, ಕನ್ಸಲ್ಟಂಟ್ ಬೇಡವೆಂದರು.

ಅರ್ಜಿ ಹೋಯಿತು. ಹಣ ಬಂದರೆ ಮೊದಲು ಬಾಂಡ್ ಬರೆದುಕೊಡಬೇಕು: ಷರತ್ತು ಮೀರಿದರೆ ಬಡ್ಡಿ ಸಮೇತ ಹಿಂದಿರುಗಿಸುತ್ತೇನೆ. ಹುಡುಗರನ್ನು ಜೈಲಿನಿಂದ ಹೊರಗಿಡಲು ಹೊರಟವನು ಹೀಗೆ ತಾನೇ ಮುಚ್ಚಳಿಕೆ ಬರೆದು ನಿಲ್ಲಬೇಕು. ಖರ್ಚಾದ ಮೇಲೆ ಸರ್ಕಾರಿ ಹಣಕಾಸು ನಿಯಮದ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ. ಇದೆಲ್ಲ ಹಣ ಬಂದರೆ. ಫೆಬ್ರವರಿಯಲ್ಲಿ ಒಂದು ಆಕ್ಷೇಪಣೆ ಬಂತು: ಫಲಾನುಭವಿಗಳ ಬ್ಯಾಂಕ್ ಖಾತೆಗೆ ಕೂಲಿ ಜಮೆ ಮಾಡುವ ವಿಧಾನ ತಿಳಿಸಿಲ್ಲ. ಕಾನೂನಿನ ಪ್ರಕಾರ ಕೂಲಿ ಕೊಡುವಂತಿಲ್ಲ ಎಂದು ಮಾಸ್ತರು ಉತ್ತರಿಸಿದರು. ಹಾಗಾದರೆ ಫಲಾನುಭವಿ ಎಂದು ಹೇಗೆ ಕರೆದಿರಿ ಎಂದು ಎರಡನೆಯದು ಬಂತು. ಅದಕ್ಕೆ ಉತ್ತರ ಬರೆಯುವಷ್ಟರಲ್ಲಿ ಮಾರ್ಚ್ 31 ದಾಟಿತು.

ನೂರು ವರ್ಷದ ಹಿಂದೆ ಇದೇ ಮುಂಬಯಿ ಸರ್ಕಾರ ಜೈಲಿನ ಹೊರಗೆ ತಿದ್ದುತ್ತೇನೆ ಎಂದು ಧಾರಾಳವಾಗಿ ಹಣ ಬಿಚ್ಚಿದ್ದೂ ಇದೆ. 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲ್‌ಮೆಂಟ್ ಮಾಡಿ, ಏನೂ ಕದಿಯದವರನ್ನೂ ಹೆಂಡಿರು ಮಕ್ಕಳ ಸಮೇತ ಒಳಗೆ ಕೂಡಿ, ಹಾಜರಿ ಹಾಕಿಸಿ, ದುಡಿಸಿತು. 1952ರ ಹೊತ್ತಿಗೆ ದೇಶದಲ್ಲೆಲ್ಲ ಕಾಯ್ದೆ ಹೋದರೂ ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಸೆಟ್ಲ್‌ಮೆಂಟ್ ಎಂಬ ಹೆಸರು ಹೋಗಿಲ್ಲ. ಆಗ ಅನುದಾನ ಸರಾಗವಾಗಿ ಹರಿದದ್ದಕ್ಕೆ ಕಾರಣ ಹುಡುಕಿ ದೂರ ಹೋಗಬೇಕಾಗಿಲ್ಲ. ಅಲ್ಲಿ ಬೇಲಿ ಇತ್ತು. ಬೇಲಿಯಿಲ್ಲದ್ದನ್ನು ಸರ್ಕಾರ ಎಷ್ಟು ನಂಬುತ್ತದೆ ಎನ್ನುವುದಕ್ಕೆ, 2022ರ ರಾಷ್ಟ್ರೀಯ ಲೆಕ್ಕದಲ್ಲಿ ಇಡೀ ಕರ್ನಾಟಕಕ್ಕೆ ತೋರಿಸಿದ್ದು ಒಂದೇ ಬಯಲು ಬಂದೀಖಾನೆ, ದೇವನಹಳ್ಳಿ ಕಡೆಯ ಕೋರಮಂಗಲದ್ದು.

ಈ ಚರಿತ್ರೆ ಯಾವುದೂ ಗೊತ್ತಿಲ್ಲದ, ಆದರೆ ಸರ್ಕಾರ ಚೆನ್ನಾಗಿ ಗೊತ್ತಿರುವ ಪಂಚಾಯ್ತಿ ಸದಸ್ಯರೊಬ್ಬರು ಕಟ್ಟೆಯ ಮೇಲೆ ಮಾಸ್ತರ ಪಕ್ಕ ಕೂತರು.

“ಮಾಸ್ತರ್ರ, ನಿಮ್ಮ ಅರ್ಜಿಯೊಳಗ ಸಿವಿಲ್ ಕೆಲಸ ಏನೈತ್ರಿ?”

“ಸಿವಿಲ್ ಕೆಲಸ ಎಲ್ಲಿದಪ? ಹುಡುಗೋರನ್ನ ತಿದ್ದೂದು.”

“ಅದಕ್ಕ ನೋಡ್ರಿ ಆಗಿಲ್ಲ. ತಿದ್ದೂದಕ್ಕ ಅಳತಿ ಹಿಡದು ಎಂ.ಬಿ. ಬರಿಯಾಕ ಬರೂದಿಲ್ಲ. ಒಂದು ಕಾಂಪೌಂಡ್ ಹಾಕ್ರಿ, ಹತ್ತು ಫೂಟು ಎತ್ರ. ಗೇಟ್ ಇಡ್ರಿ, ಕಿಡಕಿಗೆ ಸರಳು ಹಾಕಸ್ರಿ. ಒಳಗ ಏನರ ತಿದ್ದಕೋರಿ, ಯಾರ್ ಕೇಳ್ತಾರ?”

ಮಾಸ್ತರು ಬಾಯಿ ತೆರೆಯುವ ಮೊದಲೇ ಫೋನು ಹೋಗಿತ್ತು. ಮರುದಿನ ಬೆಳಿಗ್ಗೆ ಎಂಜಿನಿಯರು ಟೇಪು ಹಿಡಿದು ಬಂದರು.