ಸಿರಿವಂತರ ಬೇಸರದ ಲೆಕ್ಕ

ಸಿರಿವಂತ ದೇಶಗಳಿಗೆ ಬೇಸರ ಬಂದರೆ ಅಳೆಯಲು ಒಂದು ಏಣಿ ಇದೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು. ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಜಾಗತಿಕ ಸಂತೋಷದ ವರದಿ ಹೊರಡಿಸುತ್ತಾರೆ. 2025ರಲ್ಲಿ ಫಿನ್ಲೆಂಡ್ ಸತತ ಎಂಟನೇ ಸಲ ಮೊದಲು. 147 ದೇಶಗಳಲ್ಲಿ ನಮ್ಮದು 118. ಅದೇ ವರ್ಷ ಫಿನ್ಲೆಂಡಿನ ನಿರುದ್ಯೋಗ ಶೇ 9 ದಾಟಿತ್ತು. ಕೆಲಸವಿಲ್ಲದವರು ಹೆಚ್ಚಿದಷ್ಟೂ ಸುಖವೆಂದಾದರೆ ನಮ್ಮ ಹಾನಗಲ್ಲ ತಾಲ್ಲೂಕು ಯಾವತ್ತೋ ಗೆಲ್ಲಬೇಕಿತ್ತು.

2008ರ ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿ ಎದ್ದಿತು. ರಟ್ಟಿನ ಡಬ್ಬಿ ಹೊತ್ತು ಹೊರಬಂದ ಟೈ ಕಟ್ಟಿದ ನೌಕರರ ಮೋರೆಯನ್ನು ಜಗತ್ತೇ ನೋಡಿ ಮರುಗಿತು. ಅದಕ್ಕೆ ಮೂರು ತಿಂಗಳ ಮುಂಚೆ, ಜೂನ್ 10ಕ್ಕೆ, ನಮ್ಮ ಜಿಲ್ಲೆಯ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿತ್ತು. ಇಬ್ಬರು ಜೀವ ತೆತ್ತರು. ಆ ಸಂಜೆ ಈ ಜಿಲ್ಲೆ ಎಷ್ಟನೇ ಮೆಟ್ಟಿಲಲ್ಲಿತ್ತು ಎಂದು ಏಣಿ ಹಿಡಿದು ಯಾರೂ ಬರಲಿಲ್ಲ.

ಹಾಗಂತ ಪರದೇಶದ ಹಿಂಜರಿತಕ್ಕೂ ನಮ್ಮ ತಾಲ್ಲೂಕಿನ ಅಕ್ಕಿಆಲೂರಿಗೂ ಸಂಬಂಧವಿಲ್ಲ ಅನ್ನಬೇಡಿ. ಸಂಬಂಧ ಇರುವುದೇ ಸಂಬಂಧ ಕೂಡಿಸುವ ಹೊತ್ತಿನಲ್ಲಿ.

“ಹುಡುಗ ಬೆಂಗಳೂರಾಗ ಕಂಪನಿಯೊಳಗ ಅದಾನ್ರಿ.”

“ಯಾವ ದೇಶದ ಕಂಪನಿರಿ?”

“ಅಮೆರಿಕಾದ್ದು.”

“ಹಂಗಾರ ಇದೊಂದು ವರ್ಷ ತಡೀರಿ, ನೋಡೂಣು.”

ವಾಲ್‌ಸ್ಟ್ರೀಟ್‌ನ ಸೂಚ್ಯಂಕಕ್ಕಿಂತ ಮೊದಲು ಹೆಣ್ಣು ಹೆತ್ತವರ ಮುಖ ಇಳಿಯುತ್ತದೆ. ಹೊಲ ಮಾಡುವ ಹುಡುಗನಿಗೆ ಈ ತಾಪತ್ರಯವಿಲ್ಲ. ಅಮೆರಿಕ ಏರಲಿ, ಬೀಳಲಿ, ಅವನ ಬಯೋಡೇಟಾವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಇದನ್ನೇ ತಜ್ಞರು ಸ್ಥಿರತೆ ಎನ್ನುತ್ತಾರೇನೋ.

ಆರ್ಥಿಕತೆ ಏರಿದಾಗ ಆಗುವ ಹಿಗ್ಗಿಗಿಂತ ಇಳಿದಾಗ ಆಗುವ ಕುಗ್ಗು ಎರಡು ಪಟ್ಟು ಹೆಚ್ಚು ಎಂದು 2018ರ ಒಂದು ಅಧ್ಯಯನ ಹೇಳಿತು. ಪಾಪ, ಏರಿದವರ ಕಷ್ಟ ಅದು. ನಮ್ಮಲ್ಲಿ ಬರ, ಅತಿವೃಷ್ಟಿ, ಧಾರಣೆ ಕುಸಿತ ಸರದಿ ಪ್ರಕಾರ ಬರುವುದರಿಂದ ಕುಗ್ಗಲಿಕ್ಕೆ ಬಿಡುವು ಸಿಗುವುದಿಲ್ಲ. ಇಷ್ಟಾದರೂ ದೀಪಾವಳಿ ಕಳೆದು ಕೊಬ್ಬರಿ ಹೋರಿ ಓಡಿಸುವುದನ್ನು ನೋಡಲು ಪಟ್ಟಣದಿಂದ ಬಂದವರು ಮೊಬೈಲ್ ಎತ್ತಿ ಹಿಡಿದು ಹೇಳುತ್ತಾರೆ: “ಇದ್ದುದರಲ್ಲೇ ಎಷ್ಟು ಖುಷಿ ಇದ್ದೀರಿ ನೀವು!” ಕೊರಳಿಗೆ ಕಟ್ಟಿದ ಕೊಬ್ಬರಿ ಅವರಿಗೆ ಕಾಣುತ್ತದೆ. ಹೋರಿ ಕೊಳ್ಳಲು ಮಾಡಿದ ಸಾಲಕ್ಕೆ ಬಲೂನು ಕಟ್ಟಿರುವುದಿಲ್ಲ, ಹಾಗಾಗಿ ಕಾಣುವುದಿಲ್ಲ.

ಬಡವರ ಸಂತೃಪ್ತಿಯನ್ನು ಹೊಗಳುವುದರಷ್ಟು ಅಗ್ಗದ ಯೋಜನೆ ಇನ್ನೊಂದಿಲ್ಲ. ಅದಕ್ಕೆ ಬಜೆಟ್ಟೇ ಬೇಡ. ಫಿನ್ಲೆಂಡಿನವರು ಕೆಲಸ ಹೋದರೂ ತಡೆದುಕೊಳ್ಳುವುದು ವೇದಾಂತದ ಬಲದಿಂದಲ್ಲ. ಭತ್ಯೆ ಬರುತ್ತದೆ, ಮಕ್ಕಳ ಶಾಲೆಗೆ ಶುಲ್ಕವಿಲ್ಲ, ಆಸ್ಪತ್ರೆಗೆ ಹೊಲ ಮಾರಬೇಕಿಲ್ಲ. ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು 2008ರಲ್ಲಿ ಒಂದೇ ವಾರದಲ್ಲಿ ಮುಳುಗಿದರೂ ಜನರ ಸಂತೋಷ ಅಷ್ಟಾಗಿ ಮುಳುಗಲಿಲ್ಲ. ಗ್ರೀಸಿನಲ್ಲಿ ಆಸ್ಪತ್ರೆ, ಪಿಂಚಣಿಗಳಿಗೇ ಕತ್ತರಿ ಬಿತ್ತು, ನಿರುದ್ಯೋಗ ಶೇ 27ಕ್ಕೆ ಹೋಯಿತು, ಅಲ್ಲಿಯವರು ಏಣಿಯಿಂದ ದಡಬಡ ಬಿದ್ದರು. ಬೀಳುವವರ ಕೆಳಗೆ ಏನು ಹಾಸಿದೆ ಎನ್ನುವುದರ ಮೇಲೆ ಸುಖ ನಿಂತಿದೆ. ನಮ್ಮಲ್ಲಿ ಹಾಸಿರುವುದು ಅರ್ಜಿ, ಅದರ ಮೇಲೆ ಪಹಣಿ, ಅದರ ಮೇಲೆ ಆಧಾರ್ ಜೆರಾಕ್ಸ್.

ಇನ್ನೊಂದು ಮಜಾ ಕೇಳಿ. 2015ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2008ರ ಹೊಡೆತ ತಿಂದ ಅಮೆರಿಕನ್ನರ ಮನಸ್ಸನ್ನು ಅಳೆದರು. ನಿರುದ್ಯೋಗ ಇಳಿಯದಿದ್ದರೂ 2010ರ ಕೊನೆಗೆ ಜನ ಬಹುಪಾಲು ಚೇತರಿಸಿಕೊಂಡಿದ್ದರಂತೆ. ಆದರೆ ಸುಖವಾಗಿದ್ದೀರಾ ಎಂದು ಕೇಳುವ ಮೊದಲು ರಾಜಕೀಯದ ಪ್ರಶ್ನೆ ಕೇಳಿದರೆ ಉತ್ತರ ಕೆಳಗಿಳಿಯುತ್ತಿತ್ತು. ಬಿಕ್ಕಟ್ಟಿನ ಅತಿ ಕೆಟ್ಟ ದಿನಗಳ ಇಳಿತವೂ ಅದರ ಮುಂದೆ ಏನೂ ಅಲ್ಲ!

ಆದ್ದರಿಂದ ಸಮೀಕ್ಷೆಯವರಲ್ಲಿ ಒಂದು ವಿನಂತಿ. ಅಕ್ಕಿಆಲೂರಿಗೆ ಬರುವುದಾದರೆ ಚಾದಂಗಡಿಗೆ ಪೇಪರ್ ಬರುವ ಮೊದಲೇ ಬನ್ನಿ. ಬೆಳೆವಿಮೆ, ಬರ ಪರಿಹಾರ ಎಂಬ ಮಾತು ತಪ್ಪಿಯೂ ಎತ್ತಬೇಡಿ. ಇಷ್ಟು ಪಥ್ಯ ಮಾಡಿದರೆ ದೇಶ 118ರಿಂದ 110ಕ್ಕಾದರೂ ಏರೀತು. ವಿಮೆ ಹಣ ಹೊತ್ತಿಗೆ ಸರಿಯಾಗಿ ಖಾತೆಗೆ ಬಿದ್ದರೆ ಇನ್ನೂ ಮೇಲಕ್ಕೆ ಹೋದೀತು, ಆದರೆ ಅದು ನಿಮ್ಮ ಕೈಯಲ್ಲಿಲ್ಲ. ಯಾರ ಕೈಯಲ್ಲಿದೆಯೋ ಅವರು ಸಮೀಕ್ಷೆ ಓದುವುದಿಲ್ಲ.